ಉಪ್ಪಿನ ಕಿಟಕಿ, ಹಗಲಿನ ಚಂದ್ರ

ಹೋದ ತಿಂಗಳು ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕುಳಿತಿದ್ದಳು. ಅವಳ ಕಾಲ ಬಳಿ ಎರಡು ಕಪ್ಪು ಪ್ಲಾಸ್ಟಿಕ್ ಚೀಲಗಳಿದ್ದವು. ಒಳಗಿರುವುದು ಹಂಪಸಾಗರದ ಕಡೆಯ ಮೀನು ಎಂದು ವಾಸನೆಯೇ ಹೇಳುತ್ತಿತ್ತು. ಒಂದು ತಿರುವಿನಲ್ಲಿ ನನ್ನ ಕೈಚೀಲದ ಹಿಡಿಕೆ ಕಿತ್ತು, ಸಂತೆಯಲ್ಲಿ ಕೊಂಡ ಬದನೆಕಾಯಿಗಳೆಲ್ಲ ಸೀಟಿನ ಕೆಳಗೆ ಉರುಳಿದವು. ಅವಳು ನಗುತ್ತಲೇ ಬಗ್ಗಿ ಆರಿಸಿಕೊಟ್ಟಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಇನ್ನೊಂದು ಕಪ್ಪು ಚೀಲವನ್ನು ತೆಗೆದು ಕೊಡವಿದಳು.

“ತಗೋರಿ ಅಕ್ಕಾರ, ಹೊಸಾದೈತಿ. ಮೀನು ಹಾಕಿಲ್ಲ. ಬೇಕಾದ್ರ ಮೂಸಿ ನೋಡ್ರಿ.”

ಮೂಸಿ ನೋಡಿದೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ, ಸ್ವಲ್ಪ ಸೀಮೆಎಣ್ಣೆಯಂಥದ್ದು. ಅಷ್ಟೇ ಸಾಕಾಯಿತು. ಕೊಟ್ಟೂರಿನ ಒಂದು ಮಣ್ಣಿನ ಮಾಳಿಗೆ, ಅದರ ಮೇಲೆ ಇಳಿಹೊತ್ತಿನ ಬಿಸಿಲು, ಮೂಡಣ ದಿಕ್ಕಿನಲ್ಲಿ ಸುಣ್ಣದ ಬೆರಳು ಒತ್ತಿದಂಥ ಚಂದ್ರ... ಬಸ್ಸು ಹಡಗಲಿ ಮುಟ್ಟುವವರೆಗೂ ನಾನು ಅಲ್ಲೇ ಇದ್ದೆ.

ಕೆಲಸದಲ್ಲಿದ್ದಷ್ಟು ಕಾಲ ನಾನು ಇತಿಹಾಸ ಕಲಿಸಿದವಳು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೇಳಿದ್ದೇನೆ. ಈ ಬರಹಕ್ಕೆ ಇರುವುದು ಒಬ್ಬಳೇ ಸಾಕ್ಷಿ, ನಾನು. ಡೈರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಹುಡುಕಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ಹೋಳಿಗೆ ಚೆನ್ನಾಗಿತ್ತು, ಬಸ್ಸು ತಡವಾಯಿತು ಎಂದಷ್ಟೇ ಇದೆ. ಉಳಿದದ್ದನ್ನೆಲ್ಲ ತಲೆಯಿಂದಲೇ ತೆಗೆಯಬೇಕು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಆಗ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯವಳಾದ ನಾನು ಕೊಟ್ಟೂರಿನ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿ, ಒಂದು ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಪಕ್ಕದ ಮನೆಯ ಸೊಸೆ ನಮ್ಮದೇ ಕಾಲೇಜಿನ ಫಿಸಿಕ್ಸ್ ಮೇಡಂ. ಇಬ್ಬರದೂ ಹಂಗಾಮಿ ನೌಕರಿ. ಅವರು ನನ್ನನ್ನು ‘ಹಿಸ್ಟರಿ’ ಎಂದೇ ಕರೆಯುತ್ತಿದ್ದರು. “ಏನ್ರಿ ಹಿಸ್ಟರಿ, ನಿಮ್ಮ ದಾವಣಗೆರಿ ಕನ್ನಡಾ ಕೇಳಿದ್ರ ಬೆಣ್ಣಿ ದ್ವಾಸಿ ನೆನಪಾಗ್ತೈತಿ,” ಎಂದು ನನ್ನ ಮಾತನ್ನು ಆಡಿಕೊಳ್ಳುತ್ತಿದ್ದರು.

ಮದುವೆಗೆ ಮೊದಲು ಅವರು ಕೆಲವು ವರ್ಷ ಗುಡ್ಡದ ಮೇಲಿನ ಒಂದು ಖಗೋಳ ವೀಕ್ಷಣಾಲಯದ ಉಪಕರಣ ವಿಭಾಗದಲ್ಲಿದ್ದರು. ದೂರದರ್ಶಕದ ತುದಿಗೆ ಕೂರಿಸುವ, ಬೆಳಕಿನ ಬದಲು ಶಾಖವನ್ನು ನೋಡುವ ಅವಕೆಂಪು ಉಪಕರಣಗಳನ್ನು ಕಟ್ಟುವ ಕೆಲಸ ಅದು. ಈ ಬಗ್ಗೆ ನಾನು ಮೊದಲು ಕೇಳಿದ್ದು ಸ್ಟಾಫ್ ರೂಮಿನಲ್ಲಿ. ಪಾತ್ರೆ, ಕನ್ನಡಿ, ಆಕಾಶ, ಮನುಷ್ಯ, ಬಿಸಿಯಿರುವುದೆಲ್ಲ ಶಾಖದ ಕಣ್ಣಿಗೆ ಹೊಳೆಯುತ್ತದಂತೆ. ದೂರದರ್ಶಕ ಕೂಡ ತಾನೇ ಹೊಳೆಯುತ್ತದೆ. ಉರಿಯುವ ದೀಪಗಳಿಂದಲೇ ಮಾಡಿದ ದುರ್ಬೀನು ಹಿಡಿದು, ಮಟಮಟ ಮಧ್ಯಾಹ್ನ ಮಿಂಚುಹುಳ ಹುಡುಕಿದ ಹಾಗೆ ಎಂದರು. ಅದಕ್ಕೇ ಒಳಗಿನ ಭಾಗಗಳನ್ನು ದ್ರವ ಸಾರಜನಕದಲ್ಲಿ ತಣ್ಣಗಿಡುತ್ತಾರೆ. “ನಮ್ಮ ದನದ ದವಾಖಾನ್ಯಾಗ ಹೋರಿ ವೀರ್ಯ ಇಡ್ತಾರಲ್ಲ, ಅಂಥದ್ದೇ ಕ್ಯಾನು,” ಎಂದು ಸಲೀಸಾಗಿ ಹೇಳಿದಾಗ ಕನ್ನಡ ವಿಭಾಗದ ಹಿರಿಯರೊಬ್ಬರು ಚಹದ ಕಪ್ಪು ಹಿಡಿದು ಹೊರಗೆ ನಡೆದರು.

ಎಷ್ಟೇ ತಣ್ಣಗಿಟ್ಟರೂ ಆಕಾಶದ ಹೊಳಪು ಹೋಗುವುದಿಲ್ಲ. ಹಾಗಾಗಿ ಒಂದು ಪುಟ್ಟ ಕನ್ನಡಿಯನ್ನು ಅತ್ತಿತ್ತ ತೂಗಿಸುತ್ತಾರೆ. ಒಂದು ಸಲ ನಕ್ಷತ್ರ, ಒಂದು ಸಲ ಪಕ್ಕದ ಖಾಲಿ ಆಕಾಶ. ಎರಡರಲ್ಲೂ ಇರುವುದನ್ನು ಕಳೆದರೆ ಉಳಿಯುವುದು ನಕ್ಷತ್ರದ್ದು. ಬೆಳಕು ನೋಡುವವರಿಗೆ ಕತ್ತಲೆ ಬೇಕು. ಇವರಿಗೆ ಹಗಲಾದರೂ ನಡೆಯುತ್ತದೆ.

ಆ ತೂಗುವ ಕನ್ನಡಿಯ ಬಗ್ಗೆ ಮೇಡಮ್ಮಿಗೆ ತಮ್ಮದೇ ಒಂದು ಯೋಚನೆಯಿತ್ತು. ಮಾವನ ಮನೆಯ ಮಾಳಿಗೆಯ ಮೇಲೆ, ಊಟದ ತಟ್ಟೆಯಷ್ಟು ಅಗಲದ ಕನ್ನಡಿಯ ದೂರದರ್ಶಕ ನಿಲ್ಲಿಸಿ ಅದನ್ನು ಪ್ರಯೋಗಿಸಿ ನೋಡುತ್ತಿದ್ದರು. ಸ್ಟ್ಯಾಂಡು ಮಾಡಿಕೊಟ್ಟವರು ಹಿಂದಿನ ಓಣಿಯ ಮೋಟಾರು ಮೆಕ್ಯಾನಿಕ್. ಅವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಹಳೆಯ ಟೇಪ್ ರೆಕಾರ್ಡರಿನ ಮೋಟಾರು ಹಾಕಿ ಕನ್ನಡಿ ತೂಗುವಂತೆ ಮಾಡಿದ್ದೂ ಅವರೇ. ಶಾಖ ಗ್ರಹಿಸುವ ತುಣುಕು ಒಂದು ಡಬ್ಬಿಯೊಳಗಿತ್ತು. ಗಾಳಿ, ದೂಳು ತಾಗದಂತೆ ಡಬ್ಬಿಯ ಬಾಯಿಗೆ ಕೋಡುಬಳೆಯಷ್ಟಗಲದ ಒಂದು ಪಾರದರ್ಶಕ ಬಿಲ್ಲೆ. ಮುಂದೆ ಒಂದು ಮೀಟರು. ಕನ್ನಡಿ ತಂದ ವ್ಯತ್ಯಾಸವಷ್ಟೇ ಅದರ ಮುಳ್ಳನ್ನು ಅಲುಗಿಸಬೇಕು.

ಏನಾದರೂ ಒಮ್ಮೆ ಸರಿಬಂದರೆ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಅವರು ಮಾತ್ರ ತಲೆ ಎತ್ತದೆ “ಇನ್ನೊಮ್ಮಿ” ಎನ್ನುತ್ತಿದ್ದರು. ಒಮ್ಮೆ ಆದದ್ದು ಅವರ ಲೆಕ್ಕದಲ್ಲಿ ಆಗಿಯೇ ಇರಲಿಲ್ಲ.

ಆ ವರ್ಷ ಅವರ ಹಳೆಯ ಗುರುಗಳು ಫೋನು ಮಾಡಿದರು. ವೀಕ್ಷಣಾಲಯದಲ್ಲಿ ದೊಡ್ಡ ದೂರದರ್ಶಕಕ್ಕೆ ಹೊಸ ಶಾಖ ಕ್ಯಾಮೆರಾ ಕಟ್ಟುತ್ತಿದ್ದಾರೆ, ಒಬ್ಬರ ಜಾಗವಿದೆ. ದಸರಾ ರಜೆಯಲ್ಲಿ ಹಂಪಿಗೆ ಬರುತ್ತೇನೆ, ದಶಮಿಯ ಸಂಜೆ ಕೊಟ್ಟೂರಿಗೆ ಬಂದು ನಿಮ್ಮ ಕನ್ನಡಿ ನೋಡುತ್ತೇನೆ, ಹಗಲು ಚಂದ್ರನ ಶಾಖವನ್ನು ಅದು ಹಿಡಿದರೆ ಆ ಜಾಗ ನಿಮ್ಮದು ಎಂದರಂತೆ. ತಾಂಬೂಲ ಬದಲಿಸಿದಷ್ಟು ಖಚಿತವಾಗಿ ಮೇಡಂ ಒಪ್ಪಿಕೊಂಡರು. ಅರಳೆ ವ್ಯಾಪಾರದ ಗಂಡ ಎಲ್ಲವನ್ನೂ ಕೇಳಿ, “ಅವ್ವ ಹ್ಞೂಂ ಅಂದ್ರ ನಂದೇನೂ ತಕರಾರಿಲ್ಲ” ಎಂದು ಕೈತೊಳೆದುಕೊಂಡರು.

ಅವ್ವ, ಅಂದರೆ ಮೇಡಮ್ಮಿನ ಅತ್ತೆ, ಹ್ಞೂಂ ಅಂದಿರಲಿಲ್ಲ.

“ನೌಕರಿ ಇಲ್ಲೇ ಐತಲ್ಲಬೇ. ಆ ಗುಡ್ಡದ ಮ್ಯಾಲೆ ಚಳಿಯಾಗ ಕುಂತು ಏನ್ ನೋಡ್ತಿ?”

“ಬಿಸಿ ನೋಡ್ತೀನ್ರಿ ಅತ್ತಿ.”

“ಬಿಸಿ ನೋಡಾಕ ಚಳೀಗೆ ಹೊಂಟಾಳಂತ ನೋಡ್ರಿ ಹರಪನಹಳ್ಳಿ ಮೇಡಮ್ಮ! ತಿಂಗಳ ಬೆಳಕು ತಣ್ಣಗಂತ ನಾವು ಹಾಡ್ತೀವಿ. ಈಕಿ ಅದು ಕುದಿಯೋ ಎಸರಿಗಿಂತ ಬಿಸಿ ಅಂತಾಳ.”

“ಹೌದ್ರಿ ಅತ್ತಿ. ಬಿಸಿಲು ಬಿದ್ದ ಕಡಿ ಹಂಗ ಐತಿ. ದಶಮಿ ದಿನ ತೋರಿಸ್ತೀನಿ.”

ಆಯುಧ ಪೂಜೆಗೆ ನಾನು ಹರಪನಹಳ್ಳಿಗೆ ಹೋಗಿದ್ದೆ. ಅಂದು ಕೊಟ್ಟೂರಿನ ಆ ಮನೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೂ ಅತ್ತೆಯವರು ಸೆರಗು ಸಿಕ್ಕಿಸಿ, ಹರಿವಾಣ ಹಿಡಿದು ಮಾಳಿಗೆ ಹತ್ತುವುದು ಕಣ್ಣಿಗೆ ಕಟ್ಟುತ್ತದೆ. ಕರ್ಪೂರದ ಹೊಗೆ ಕೂಡ ಕಾಣುತ್ತದೆ. ಕೇಳಿದ್ದು ಯಾವಾಗ ಕಂಡದ್ದಾಯಿತೋ ಗೊತ್ತಿಲ್ಲ...

ದಶಮಿಯ ಬೆಳಿಗ್ಗೆ ನಾನು ಬಸ್ಸಿಳಿದು ಬಂದಾಗ ಮೇಡಂ ಮಾಳಿಗೆಯ ಮೇಲೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ದೂರದರ್ಶಕಕ್ಕೆ ಚೆಂಡುಹೂವಿನ ಸರ, ಕಾಲಿಗೊಂದು ನಿಂಬೆಹಣ್ಣು, ಕೊಳವೆಯ ಮೇಲೆ ಮೂರೆಳೆ ವಿಭೂತಿ. ದೊಡ್ಡ ಕನ್ನಡಿಗೆ ಮುಚ್ಚಳವಿದ್ದುದರಿಂದ ಅದು ಉಳಿದಿತ್ತು. ಡಬ್ಬಿಯ ಬಾಯಿಯ ಬಿಲ್ಲೆ ಮಾತ್ರ ಪೊರೆ ಬಂದ ಕಣ್ಣಿನಂತೆ ಬೆಳ್ಳಗಾಗಿತ್ತು.

“ಎಲ್ಲಾ ಚೊಲೋತ್ನಂಗ ಹಸೀ ಅರಿವೀಲೆ ಒರಸೀನಿ,” ಎಂದರು ಪಕ್ಕದಲ್ಲಿ ನಿಂತಿದ್ದ ಅತ್ತೆ. “ನಿಮ್ಮಾವನ ತಕ್ಕಡಿಗೆ ಮಾಡ್ದಂಗ ನಿನ್ನ ದುರ್ಬೀನಿಗೂ ಮಾಡೀನಿ. ಅದೂ ನಿನ್ನ ಆಯುಧನ ಅಲ್ಲೇನು? ತಪ್ಪಾತೇನು?”

“ಅದು ಉಪ್ಪಿಂದ್ರಿ ಅತ್ತಿ. ಕಲ್ಲುಪ್ಪಿನ ಹರಳು ಕೊಯ್ದು ಮಾಡಿದ ಕಿಡಕಿ.”

“ಉಪ್ಪಿಂದಾ? ಉಪ್ಪಿನ ಕಿಡಕಿ ಯಾರಾರ ಮಾಡ್ತಾರೇನಬೇ? ನಿಮಗ ಗಾಜು ಸಿಗಲಿಲ್ಲೇನು?”

“ಗಾಜಿನಾಗ ಈ ಬಿಸಿ ದಾಟಂಗಿಲ್ರಿ. ಉಪ್ಪಿನಾಗ ದಾಟತೈತಿ.”

ಅತ್ತೆ ಬಿಲ್ಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ತಾಗಿಸಿಕೊಂಡರು. ಅವರ ಮುಖ ಇಳಿದುಹೋಯಿತು. “ಹೌದಬೇ, ಉಪ್ಪೈತಿ.”

ಮೇಡಂ ಗಟ್ಟಿಯಾಗಿ ನಕ್ಕರು ಎಂದು ನನ್ನ ನೆನಪು. ಅಂಥ ಹೊತ್ತಿನಲ್ಲಿ ಯಾರಾದರೂ ನಗುತ್ತಾರೆಯೇ ಎಂದು ಈಗ ಅನುಮಾನ. ಆಮೇಲೆ ಈ ಕಥೆಯನ್ನು ಹೇಳಿಕೊಂಡು ನಾವು ಎಷ್ಟೋ ಸಲ ನಕ್ಕಿದ್ದೇವೆ, ಆ ನಗು ಹಿಂದಕ್ಕೆ ಹರಿದು ಇಲ್ಲಿ ಸೇರಿರಬಹುದು. ಆದರೆ ಅವರು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಇದರಲ್ಲಿ ನನಗೆ ಅನುಮಾನವಿಲ್ಲ. ಅಷ್ಟು ದಿನ ದುರ್ಬೀನನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಅತ್ತೆ ಅದನ್ನು ತಕ್ಕಡಿಯ ಸಾಲಿನಲ್ಲಿ ಕೂರಿಸಿದ್ದು ಅವರಿಗೆ ಸಣ್ಣ ವಿಷಯವಾಗಿರಲಿಲ್ಲ ಎಂದು ಕಾಣುತ್ತದೆ.

ಇದ್ದದ್ದು ಅದೊಂದೇ ಬಿಲ್ಲೆ. ಗುರುಗಳು ಸಂಜೆ ಬರುವವರು, ಹಬ್ಬಕ್ಕೆ ಊರೆಲ್ಲ ಅಂಗಡಿ ಮುಚ್ಚಿತ್ತು. ಕನ್ನಡಿಯ ಮೋಟಾರು ನೋಡಲೆಂದು ಚಾಚಾ ಅಷ್ಟರಲ್ಲಿ ಹಿಂದಿನ ಓಣಿಯಿಂದ ಏಣಿ ಹಾಕಿಕೊಂಡು ಮೇಲೆ ಬಂದಿದ್ದರು. ಮೇಡಂ ಡಬ್ಬಿಯನ್ನು ಕೆಳಗಿಟ್ಟು ಅವರ ಕಡೆ ತಿರುಗಿದರು.

“ಚಾಚಾ, ನಿಮ್ಮ ಮನ್ಯಾಗ ಕರೇ ಕ್ಯಾರಿಬ್ಯಾಗ್ ಐತೇನ್ರಿ? ಬಳಸದೇ ಇದ್ದದ್ದು. ಭಾಳ ತೆಳ್ಳಗಿರಬೇಕು.”

ಚಾಚಾ ಅತ್ತೆಯ ಕಡೆ ಓರೆಗಣ್ಣಲ್ಲಿ ನೋಡಿದರು. ಅದಕ್ಕೆ ಕಾರಣವಿತ್ತು. ಮೇಡಂ ಮನೆಯ ಓಣಿ ಪೂರ್ತಿ ಲಿಂಗ ಕಟ್ಟಿದವರದು. ಮಟನ್ ಅಂಗಡಿಯವರು ಮಾಂಸವನ್ನು ಕಪ್ಪು ಚೀಲದಲ್ಲೇ ಕೊಡುತ್ತಿದ್ದುದು, ಇಂಥ ಓಣಿಗಳನ್ನು ದಾಟಿ ಹೋಗುವಾಗ ಯಾರ ಕಣ್ಣಿಗೂ ಬೀಳದಿರಲಿ ಎಂದು. ಅದರಿಂದ ಆದದ್ದೆಂದರೆ, ಕಪ್ಪು ಚೀಲ ಕಂಡರೆ ಸಾಕು ಒಳಗೇನಿದೆ ಎಂದು ಊರಿಗೆಲ್ಲ ತಿಳಿಯುತ್ತಿತ್ತು.

“ಐತ್ರಿ ಮೇಡಮ್ಮಾರ,” ಎಂದರು ಚಾಚಾ ದನಿ ಇಳಿಸಿ. “ಆದ್ರ ಹಬ್ಬದ ದಿನ ನಾ ಅದನ್ನ ಹಿಡಕೊಂಡು ನಿಮ್ಮ ಮನಿಗೆ ಬಂದ್ರ ಅಮ್ಮಾರು ನನಗ ಬನ್ನಿ ಕೊಡಂಗಿಲ್ಲ, ಬಡಿಗಿ ಕೊಡ್ತಾರ.”

“ನನ್ನ ಹೊಸ್ತಿಲಾ ದಾಟಂಗಿಲ್ಲ ಅದು!” ಅತ್ತೆ ಆಗಲೇ ಹೇಳಿಯಾಗಿತ್ತು.

“ಆತ್ರಿ ಅತ್ತಿ, ಹೊಸ್ತಿಲಾ ದಾಟೂದು ಬ್ಯಾಡ. ಏಣಿ ಹತ್ತಿ ಬರ್ಲಿ.”

ಅತ್ತೆ ಬಾಯಿ ತೆರೆಯುವುದರೊಳಗೆ ಚಾಚಾ ಇಳಿದುಹೋಗಿ, ಚೀಲವನ್ನು ಅಂಗಿಯೊಳಗೆ ಮಡಚಿಟ್ಟುಕೊಂಡು ಮತ್ತೆ ಏಣಿ ಹತ್ತಿ ಬಂದಿದ್ದರು.

ಮೇಡಂ ಅಡುಗೆಮನೆಗೆ ಹೋಗಿ, ಹೋಳಿಗೆಗೆಂದು ಕಾಯಲಿಟ್ಟಿದ್ದ ಹಂಚನ್ನು ಇಕ್ಕಳದಲ್ಲಿ ಹಿಡಿದು ಮಾಳಿಗೆಗೆ ತಂದರು. ಅದನ್ನು ಇಟ್ಟಿಗೆಗೆ ಒರಗಿಸಿ ನಿಲ್ಲಿಸಿ, ಅತ್ತೆಯ ಅಂಗೈಯನ್ನು ಅದರ ಎದುರು ಹಿಡಿಸಿದರು. ನಡುವೆ ಫೋಟೋದ ಗಾಜು ಅಡ್ಡ ಇಟ್ಟರು.

“ಹಂಚು ಕಾಣ್ತೈತೇನ್ರಿ?”

“ಕಾಣ್ತೈತಿ.”

“ಬಿಸಿ?”

“ನಿಂತೋತು.”

ಗಾಜು ತೆಗೆದು ಕಪ್ಪು ಚೀಲದ ಒಂದು ಪದರ ಹಿಡಿದರು. ಹಂಚು ಮರೆಯಾಯಿತು. ಅತ್ತೆ ಬೆಚ್ಚಿ ಕೈ ಹಿಂದೆಳೆದುಕೊಂಡು, ಮತ್ತೆ ತಾವೇ ಮುಂದೆ ಚಾಚಿದರು.

“ಯವ್ವಾ! ಬರ್ತೈತಿ! ಕಾಣವಲ್ದು, ಬಿಸಿ ಬರ್ತೈತಿ!”

“ಇನ್ನೊಮ್ಮಿ ನೋಡ್ರಿ,” ಎಂದರು ಮೇಡಂ.

ಅತ್ತೆ ಇನ್ನೊಮ್ಮೆ ನೋಡಿದರು. ಆಮೇಲೆ ಚಾಚಾನ ಕಡೆ ತಿರುಗಿ, “ಹಂಗಾದ್ರ ಇಷ್ಟು ವರ್ಷ ಇದ್ರಾಗ ನೀವು ಮುಚ್ಚಿದ್ದಾರ ಏನಪಾ?” ಎಂದು ಕೇಳಿದರು.

“ಕಣ್ಣಿಗಷ್ಟ ಮುಚ್ಚಿದ್ವಿರಿ ಅಮ್ಮಾರ. ನಿಮ್ಮ ಮೂಗಿಗೆ ಮೊದಲೇ ಗೊತ್ತಿತ್ತಲ್ಲ.”

ಚೀಲದಿಂದ ಒಂದು ತುಂಡು ಕತ್ತರಿಸಿ ಡಬ್ಬಿಯ ಬಾಯಿಗೆ ಬಿಗಿಯಲು ಹೊರಟೆವು. ನಾನು ಹಿಡಿದರೆ ಒಂದು ಮೂಲೆ ಸುಕ್ಕಾಗುತ್ತಿತ್ತು, ಮೇಡಂ ದಾರ ಸುತ್ತಿದರೆ ಇನ್ನೊಂದು ಮೂಲೆ. ಸುಕ್ಕಿದ್ದರೆ ಗಾಳಿಗೆ ಪಟಪಟ ಎನ್ನುತ್ತದೆ, ಮುಳ್ಳು ನಿಲ್ಲುವುದಿಲ್ಲ. ಅತ್ತೆ ನೋಡುವಷ್ಟು ನೋಡಿದರು.

“ಹಿಂಗ ಕಟ್ತಾರೇನು ಬಾಯಿ? ಇಬ್ರೂ ಒಂದು ಉಪ್ಪಿನಕಾಯಿ ಜಾಡಿನಾರ ಕಟ್ಟೀರೇನು? ಸರೀರಿ ಅತ್ತಾಗ!”

ಅವರು ಕಾಲು ಚಾಚಿ ಕುಳಿತು, ಡಬ್ಬಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಆ ಕಪ್ಪು ತುಂಡನ್ನು ಎರಡೂ ಕೈಯಿಂದ ಎಳೆದು ಒಂದೇ ಉಸಿರಿಗೆ ದಾರ ಸುತ್ತಿದರು. ಬೆರಳಿಂದ ಬಾರಿಸಿದರೆ ಹಲಗೆ ವಾದ್ಯದ ಹಾಗೆ ಮಿಡಿಯಿತು. ಯಾರ ಮುಖವನ್ನೂ ನೋಡದೆ ನೇರ ಕೆಳಗಿಳಿದು ಹೋಗಿ ಎರಡನೇ ಸಲ ಸ್ನಾನ ಮಾಡಿದರು.

ಗುರುಗಳು ಜೀಪಿನಲ್ಲಿ ಬಂದಾಗ ಬಿಸಿಲು ಹಳದಿಗೆ ತಿರುಗಿತ್ತು. ದಶಮಿಯ ಚಂದ್ರ ಮಧ್ಯಾಹ್ನವೇ ಹುಟ್ಟಿ ಮೂಡಣದಲ್ಲಿ ಸಾಕಷ್ಟು ಮೇಲೇರಿತ್ತು. ಇದನ್ನು ಬರೆಯುವ ಮುಂಚೆ ಪಂಚಾಂಗ ಬಲ್ಲವರನ್ನು ಕೇಳಿ, ಆ ತಿಥಿಗೆ ಆ ಹೊತ್ತಿನಲ್ಲಿ ಚಂದ್ರ ಅಲ್ಲೇ ಇರುತ್ತಾನೆಂದು ಖಾತ್ರಿ ಮಾಡಿಕೊಂಡಿದ್ದೇನೆ. ಇದೊಂದಕ್ಕಾದರೂ ನನ್ನ ಹೊರಗೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಮೇಡಂ ಮೋಟಾರು ಚಾಲೂ ಮಾಡಿದರು. ಕನ್ನಡಿ ತೂಗತೊಡಗಿತು. ಕೊಳವೆಯನ್ನು ಚಂದ್ರನ ಕಡೆಗೆ ತಿರುಗಿಸುತ್ತಿದ್ದಂತೆ ಮುಳ್ಳು ಒಮ್ಮೆಲೇ ಕೊನೆಗೆ ಬಡಿಯಿತು. ನಾನು ಚಪ್ಪಾಳೆ ತಟ್ಟಿದೆ.

“ಚಂದ್ರ ಅಲ್ಲರಿ ಅದು,” ಎಂದರು ಮೇಡಂ ತಲೆ ಎತ್ತದೆ. “ಚಾಚಾ, ಮುಂದ ಬಗ್ಗಬ್ಯಾಡ್ರಿ. ಚಂದ್ರಗಿಂತ ನೀವೇ ಜಾಸ್ತಿ ಹೊಳ್ಯಾಕತ್ತೀರಿ.”

“ನಮ್ಮ ಮನ್ಯಾಕೀಗೆ ಇದನ್ನ ಸ್ವಲ್ಪ ಹೇಳ್ರಿ ಮೇಡಮ್ಮಾರ,” ಎನ್ನುತ್ತ ಚಾಚಾ ಹಿಂದೆ ಸರಿದರು.

ಎಲ್ಲರೂ ಬೆನ್ನ ಹಿಂದೆ ಗುಂಪಾಗಿ ನಿಂತೆವು. ಮುಳ್ಳು ಇಳಿದು ಸೊನ್ನೆಯ ಬಳಿ ಸಣ್ಣಗೆ ನಡುಗುತ್ತಿತ್ತು. ಮೇಡಂ ಕೊಳವೆಯನ್ನು ಕೂದಲೆಳೆಯಷ್ಟು ಸರಿಸಿದರು. ಮುಳ್ಳು ಮೆಲ್ಲಗೆ ಎದ್ದು, ಅರ್ಧ ದಾರಿಗೆ ಹೋಗಿ ನಿಂತಿತು. ಪಕ್ಕದ ನೀಲಿ ಆಕಾಶಕ್ಕೆ ಸರಿಸಿದರೆ ಇಳಿಯಿತು. ಮತ್ತೆ ಚಂದ್ರನಿಗೆ ತಂದರೆ ಎದ್ದಿತು. ನನ್ನ ಕಣ್ಣಿಗೆ ಆ ಚಂದ್ರ ಮೋಡದ ತುಣುಕಿಗಿಂತ ಬಿಳಿಚಿಕೊಂಡಿದ್ದ. ಅಷ್ಟು ದೂರದ ಬಿಸಿಲು ಬಿದ್ದ ಕಲ್ಲಿನ ಕಾವು ಕೊಟ್ಟೂರಿನ ಮಾಳಿಗೆಗೆ ಬಂದು, ಕಪ್ಪು ಚೀಲವನ್ನು ದಾಟಿ, ಒಂದು ಮುಳ್ಳನ್ನು ಎತ್ತುತ್ತಿತ್ತು.

“ಇನ್ನೊಮ್ಮೆ,” ಎಂದರು ಗುರುಗಳು. ಶಿಷ್ಯೆಗೆ ಆ ಮಾತು ಎಲ್ಲಿಂದ ಬಂದಿತ್ತೆಂದು ನನಗೆ ಆಗ ತಿಳಿಯಿತು.

ಅವರು ತಾವೇ ಕೊಳವೆ ಹಿಡಿದು ಸರಿಸಿ ನೋಡಿದರು. ಸಾಕಷ್ಟು ಸಲ ನೋಡಿದ ಮೇಲೆ ಡಬ್ಬಿಯ ಬಾಯಿಯತ್ತ ಬಗ್ಗಿದರು. “ಮೊದಲು ಉಪ್ಪಿನ ಕಿಟಕಿ ಅಂದಿದ್ದಿರಲ್ಲಮ್ಮ? ಇದೇನು?”

“ಮಟನ್ ಅಂಗಡಿ ಚೀಲ ಸರ್. ಉಪ್ಪಿಗೆ ನಮ್ಮತ್ತೆಯವರು ಪೂಜೆ ಮಾಡಿದರು.”

ಗುರುಗಳು ನಕ್ಕ ರೀತಿ ನೆನಪಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ, “ಸಂಕ್ರಾಂತಿ ಕಳೆದ ಮೇಲೆ ಬಂದುಬಿಡಿ. ಕ್ಯಾಮೆರಾದ ತೂಗುಗನ್ನಡಿ ನಿಮ್ಮ ಕೆಲಸ,” ಎಂದರು.

ಮೇಡಂ ಹೂಂ ಎನ್ನಲಿಲ್ಲ. ಅತ್ತೆಯ ಕಡೆ ನೋಡಿದರು. ಗಂಡನೂ ನೋಡಿದರು. ಅತ್ತೆ ಹರಿವಾಣದಿಂದ ಬನ್ನಿ ಸೊಪ್ಪು ತೆಗೆದು ಮೊದಲು ಗುರುಗಳ ಕೈಗೆ, ಆಮೇಲೆ ಚಾಚಾನ ಕೈಗೆ ಕೊಟ್ಟರು. ಗುರುಗಳನ್ನು ನೋಡಿ ಹೇಳಿದರು:

“ಆಕಿಗೆ ಉಪ್ಪಿಂದು ಇನ್ನೊಂದು ಮಾಡಿಸಿ ಕೊಡ್ರಿ. ಈ ಚೀಲ ಅಲ್ಲಿ ಚಳಿಗೆ, ಗಾಳಿಗೆ ಎಷ್ಟು ದಿನ ಬಾಳಿಕಿ ಬಂದೀತು?”

ಹ್ಞೂಂ ಎಂಬುದನ್ನು ಅವರು ಕೊನೆಗೂ ಹೇಳಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮೇಡಂ ಹೋದರು. ಅವರ ತೂಗುಗನ್ನಡಿ ದೊಡ್ಡ ದೂರದರ್ಶಕಕ್ಕೆ ಏರಿತು. ಕೆಲಸದ ನಡುವೆ ಬಿಡುವು ಮಾಡಿಕೊಂಡು ದಸರೆಗೆ ಬರುತ್ತಿದ್ದರು, ತುಟಿ ಒಡೆದಿರುತ್ತಿತ್ತು, ಮೈಗೆ ಬಿಸಿಲು ಹಿಡಿದಿರುತ್ತಿತ್ತು. ನಕ್ಷತ್ರ ಹುಟ್ಟುವ ದೂಳಿನ ಶಾಖವನ್ನು ಅಳೆದೆವು ಎಂದು ಸಂತೆಯಲ್ಲಿ ಮೆಣಸಿನಕಾಯಿ ಅಳೆಸಿಕೊಂಡು ಬಂದಷ್ಟು ಸರಾಗವಾಗಿ ಹೇಳುತ್ತಿದ್ದರು. ಮಾಳಿಗೆಯ ಹಳೆಯ ದೂರದರ್ಶಕಕ್ಕೆ ಅತ್ತೆ ಪ್ರತಿ ನವಮಿಗೂ ಪೂಜೆ ಮಾಡಿದರು, ಹೂವನ್ನು ಮಾತ್ರ ದೂರದಿಂದ ಹಾಕುತ್ತಿದ್ದರು. “ಉಪ್ಪೈತಿ ಅದರಾಗ, ನೀರು ತಾಗಿಸಬ್ಯಾಡ್ರಿ,” ಎಂದು ಬಂದವರಿಗೆಲ್ಲ ಹೇಳುವರು. ಅದರಲ್ಲಿ ಉಪ್ಪು ಎಂದೋ ಇಲ್ಲವಾಗಿತ್ತು.

ಕೆಲವು ವರ್ಷಗಳ ಮೇಲೆ ಒಂದು ದಸರೆಗೆ ಮೇಡಂ ಬರಲಿಲ್ಲ. ಕಾಯಿಲೆ ಎಂದು ಗೊತ್ತಾದಾಗ ಬಹಳ ಮುಂದುವರಿದಿತ್ತು. ನಾನು ಆಗ ಹಡಗಲಿಯ ಕಾಲೇಜಿಗೆ ಬಂದಾಗಿತ್ತು. ಮೇಡಂ ತೀರಿಕೊಂಡ ಸುದ್ದಿ ತಿಳಿದು ಕೊಟ್ಟೂರಿಗೆ ಹೋದ ದಿನ ಅತ್ತೆಯವರು ನನ್ನ ಕೈ ಹಿಡಿದುಕೊಂಡು ಏನೋ ಹೇಳಿದರು... ಆ ಮಾತು ಎಷ್ಟು ಯತ್ನಿಸಿದರೂ ನೆನಪಿಗೆ ಬರುವುದಿಲ್ಲ. ಅಂಗೈ ಬೆಚ್ಚಗಿತ್ತು ಎಂಬುದು ಮಾತ್ರ ಉಳಿದಿದೆ.

ನಾನು ಮೇಡಂ ಅವರನ್ನು ಪ್ರೀತಿಸುತ್ತಿದ್ದೆ. ಹಾಗಾಗಿ ಈ ನೆನಪಿನಲ್ಲಿ ನನ್ನದೇ ಕಾವು ಬಹಳ ಇರಬೇಕು. ಅವರಾಗಿದ್ದರೆ ಪಕ್ಕದ ಖಾಲಿ ಆಕಾಶವನ್ನೊಮ್ಮೆ ನೋಡಿ ಅಷ್ಟನ್ನು ಕಳೆಯಿರಿ ಎನ್ನುತ್ತಿದ್ದರು. ಕಳೆದು ನೋ​ಡಿದ್ದೇನೆ. ನಗುವನ್ನು, ಕರ್ಪೂರದ ಹೊಗೆಯನ್ನು, ಬಿಸಿಲಿನ ಬಣ್ಣವನ್ನು ಬಿಟ್ಟುಕೊಡಲು ಸಿದ್ಧಳಿದ್ದೇನೆ. ಮುಳ್ಳು ಎದ್ದದ್ದನ್ನು ಬಿಟ್ಟುಕೊಡುವುದಿಲ್ಲ.

ಮೀನಿನವಳು ಕೊಟ್ಟ ಚೀಲದಿಂದ ಬದನೆಕಾಯಿ ತೆಗೆದಿಟ್ಟು, ಅಂದು ಸಂಜೆ ರೊಟ್ಟಿಗೆ ಹಂಚು ಕಾಯಲಿಟ್ಟೆ. ಚೆನ್ನಾಗಿ ಕಾದ ಮೇಲೆ ಇಕ್ಕಳದಲ್ಲಿ ತೆಗೆದು ಗೋಡೆಗೆ ಒರಗಿಸಿದೆ. ಚೀಲವನ್ನು ಕತ್ತರಿಸಿ ಒಂದು ಪದರವನ್ನು ನಡುವೆ ಹಿಡಿದು, ಇನ್ನೊಂದು ಅಂಗೈಯನ್ನು ಚಾಚಿದೆ. ಹಂಚು ಕಾಣಲಿಲ್ಲ. ಬಿಸಿ ಬಂತು.

ಅಂಗೈಯನ್ನು ಪಕ್ಕಕ್ಕೆ ಸರಿಸಿದೆ. ಹೋಯಿತು. ಮತ್ತೆ ತಂದೆ. ಬಂತು.

‘ಇನ್ನೊಮ್ಮಿ’ ಎನ್ನಲು ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹಂಚು ಆರುವ ಮುಂಚೆ ನಾನೇ ಇನ್ನೊಮ್ಮೆ ಮಾಡಿದೆ.